ಎಡಗೈಯ ಚರಗ

ನನ್ನ ಮಗಳ ಮುಖ ನೋಡಿ "ಅಯ್ಯ, ಪಾಪ" ಎನ್ನುವವರಿಗೆ ನಾನು ಚಹಾ ಕೊಡುವುದನ್ನು ನಿಲ್ಲಿಸಿದ್ದೇನೆ. ಮೊದಮೊದಲು ಕೊಡುತ್ತಿದ್ದೆ. ಸಕ್ಕರೆ ತುಸು ಹೆಚ್ಚೇ ಹಾಕಿ ಕೊಟ್ಟು, ಅವರು ಲೊಚಗುಟ್ಟುವುದನ್ನು ತಲೆ ತಗ್ಗಿಸಿ ಕೇಳಿ, ಬಾಗಿಲ ತನಕ ಕಳಿಸಿ ಬಂದು ಅಡುಗೆಮನೆಯಲ್ಲಿ ಅಳುತ್ತಿದ್ದೆ. ಈಗ ಪಾಪ ಎಂದವರಿಗೆ ನೀರು ಮಾತ್ರ. ಅದೂ ಕಡಿಮೆಯೇನಲ್ಲ, ನಮ್ಮ ಮನೆಯಲ್ಲಿ ನೀರಿಗೆ ಇರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಕರೋಶಿಯಲ್ಲಿ ಬೆಳೆದವಳು, ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಗೆ ಸೊಸೆಯಾಗಿ ಬಂದವಳು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಮತ್ತು ನಮ್ಮ ಒಬ್ಬಳೇ ಮಗಳು ಸಮೃದ್ಧಿ. ಕರೆಯುವುದು ಸಮ್ಮು ಎಂದು. ಈಗ ಎರಡನೆಯ ಇಯತ್ತೆಯಲ್ಲಿದ್ದಾಳೆ. ಲಕ್ವಾ, ಪಾರ್ಶ್ವವಾಯು ಎಂದರೆ ಮುದುಕರಿಗೆ ಬರುವುದು ಎಂದೇ ನಾನೂ ತಿಳಿದಿದ್ದೆ. ಹಾಲುಹಲ್ಲು ಬೀಳದ ಮಕ್ಕಳಿಗೂ ಅದು ಹೊಡೆಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡು, ಇಂಥದ್ದು ನಮ್ಮೊಬ್ಬರಿಗೇ ಯಾಕೆ ಬಂತು ಎಂದು ಕೂತಿರುವ ತಾಯಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮೊಬ್ಬರಿಗೇ ಬಂದಿಲ್ಲ ತಾಯಿ. ನಾನೂ ಇದ್ದೇನೆ.

ಸಮ್ಮು ಹುಟ್ಟಿದಾಗ ಎಡಗಣ್ಣಿನ ಹತ್ತಿರ ನಸುಗೆಂಪು ಗೆರೆಯೊಂದಿತ್ತು, ಅಷ್ಟೇ. ನನ್ನ ಬಾಣಂತನ ಮುಗಿಯುವಷ್ಟರಲ್ಲಿ ಅದು ಹಣೆಯಿಂದ ಕೆನ್ನೆಯ ತನಕ ಹರಡಿ, ಉಬ್ಬಿ, ಕೆಂಪಗೆ ಕುಳಿತಿತ್ತು. ಗ್ರಹಣದ ಕಲೆ ಎಂದು ಬಂದವರೆಲ್ಲ ತೀರ್ಪು ಕೊಟ್ಟರು. ನಾನು ಬಸುರಿಯಿದ್ದಾಗ ಗ್ರಹಣದ ದಿನ ಮಗ್ಗುಲು ಸಹ ಬದಲಿಸದೆ ಮಲಗಿದ್ದೆ ಎಂದರೆ, ಹಾಗಾದರೆ ಬೀಟ್‌ರೂಟ್ ಜಾಸ್ತಿ ತಿಂದಿರಬೇಕು ಎಂದರು. ತಪ್ಪು ಒಟ್ಟಿನಲ್ಲಿ ನನ್ನದೇ ಆಗಬೇಕಿತ್ತು. ತೊಟ್ಟಿಲಿಗೆ ಹಾಕಿದ ದಿನ ಅತ್ತೆ ಫೋಟೋದವನಿಗೆ ಬಲಗಡೆಯಿಂದಲೇ ತೆಗೆಯಲು ಹೇಳಿದ್ದರು. ಇಡೀ ಆಲ್ಬಮ್ಮಿನ ತುಂಬ ಮಗಳ ಬಲಗೆನ್ನೆ ಮಾತ್ರ ಇದೆ.

ಇಂಥ ಕಲೆ ತಾನಾಗಿಯೇ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು, ಹಾಗೆಯೇ ಇಳಿಯಿತು. ಅವಳಿಗೆ ನಾಲ್ಕು ತುಂಬುವಷ್ಟರಲ್ಲಿ ಕಿವಿಯ ಮುಂದೆ ಮಸುಕಾದ ಗುಲಾಬಿ ಬಣ್ಣ ಮಾತ್ರ ಉಳಿದಿತ್ತು. ಅತ್ತೆ ಹರಕೆ ತೀರಿಸಿ ಓಣಿಗೆಲ್ಲ ಹೋಳಿಗೆ ಹಂಚಿದರು. ನಾವೆಲ್ಲ ಹೊಟ್ಟೆ ತುಂಬ ಉಂಡು, ದೊಡ್ಡ ಪೀಡೆ ತೊಲಗಿತು ಎಂದು ನಿಶ್ಚಿಂತರಾದೆವು.

ಅದಾದ ಮೇಲೆ ಸಮ್ಮು ಎಡಗೈಯಿಂದ ಉಣ್ಣತೊಡಗಿದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಗಂಡ ಹುಟ್ಟಾ ಎಡಚ. ಸಣ್ಣವರಿದ್ದಾಗ ಅತ್ತೆ ಊಟಕ್ಕೆ ಕೂರಿಸುವಾಗ ಅವರ ಎಡಗೈಯನ್ನು ಹಳೇ ಸೀರೆಯ ತುಂಡಿನಿಂದ ಸೊಂಟಕ್ಕೆ ಕಟ್ಟುತ್ತಿದ್ದರಂತೆ. ಹಾಗೆ ಕಟ್ಟಿ ಕಟ್ಟಿ ಬಲಗೈಗೆ ತಂದರು. ಎಡಗೈಯಿಂದ ಉಣ್ಣುವುದು, ಕೊಡುವುದು, ನೈವೇದ್ಯ ಮುಟ್ಟುವುದು ಆ ಮನೆಯಲ್ಲಿ ಮಹಾಪರಾಧ. ಇವತ್ತಿಗೂ ನಮ್ಮವರು ಗುದ್ದಲಿ ಹಿಡಿಯುವುದು, ಬಳ್ಳಿ ಕತ್ತರಿಸುವುದು ಎಡಗೈಯಲ್ಲಿ, ಉಣ್ಣುವುದು ಬಲಗೈಯಲ್ಲಿ. ಹೀಗಾಗಿ ಸಮ್ಮು ರೊಟ್ಟಿಯನ್ನು ಎಡಗೈಯಿಂದ ಮುರಿದಾಗ ಮನೆಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. ಬದಲಿಗೆ ನಗು ಬಂತು.

"ಥೇಟ್ ಅಪ್ಪನ ಗತೆ ಆಗೇತಿ," ಎಂದರು ಅತ್ತೆ. ಎಂದವರೇ ಹಳೇ ಸೀರೆಯ ತುಂಡು ಹುಡುಕಿ ತಂದರು.

ನಾನು ತಡೆಯಲಿಲ್ಲ. ಈ ಮನೆಯಲ್ಲಿ ಮಗುವಿನ ಎಡಗೈ ಕಟ್ಟುವುದು ಎಂದರೆ ಜಡೆ ಹಾಕಿದಷ್ಟೇ ಸಾಮಾನ್ಯ. ಸಮ್ಮು ಗಂಗಾಳದ ಮುಂದೆ ಕೂತು ಬಲಗೈಯಿಂದ ಅನ್ನ ಕಲಸಲು ಹೋಗುವಳು, ಬೆರಳಿನ ಸಂದಿಯಿಂದ ಸೋರುವುದು, ಅಜ್ಜಿ ಗದರುವರು, ಇವಳು ಮುಖ ಊದಿಸಿಕೊಂಡು ಅರ್ಧಕ್ಕೇ ಏಳುವಳು. ಹಟಮಾರಿ ಎಂದುಕೊಂಡೆವು. ಎಡಗೈಯ ಚಟ ಬಿಡಿಸುತ್ತಿದ್ದೇವೆಂದು ನಂಬಿದ್ದೆವು. ಎಡಗೈ ಅವಳ ಚಟವಾಗಿರಲಿಲ್ಲ. ಬಲಗೈ ಕೈಬಿಡುತ್ತಿತ್ತು, ಮಗು ತನಗೆ ಉಳಿದ ಕೈಯಿಂದ ಉಣ್ಣುತ್ತಿತ್ತು. ಆ ಉಳಿದ ಕೈಯನ್ನೇ ಕಟ್ಟಿದ್ದೆವು.

ಅದು ಮಣೂಕದ ಕಾಲ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಕಡ್ಡಿ, ಕಸ ಆರಿಸುತ್ತಿದ್ದರು. ಹೊರಗೆ ಬಿಸಿಲು ಕಣ್ಣು ಬಿಡಲಾಗದ ಹಾಗೆ ಇತ್ತು. ಸಮ್ಮುಗೆ ಹಿಂದಿನ ದಿನದಿಂದ ಜ್ವರ, ಭೇದಿ. ಮನೆಯಲ್ಲಿ ಒಬ್ಬಳೇ ಇರುವುದಿಲ್ಲ ಎಂದು ನನ್ನ ಬೆನ್ನಿಗೆ ಬಿದ್ದು ಬಂದು ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎದ್ದವಳು ಮಣೂಕದ ರಾಶಿಗೆ ಬಲಗೈ ಹಾಕಿದಳು. ಅಜ್ಜಿಯ ಪಾಠ ಅಷ್ಟಾದರೂ ತಲೆಗೆ ಹೋಗಿತ್ತು. ಮುಷ್ಟಿ ಮುಚ್ಚಲಿಲ್ಲ. ಮಣೂಕವೆಲ್ಲ ಅಂಗೈಯಿಂದ ಜಾರಿ ಬಿದ್ದವು. ಮತ್ತೆ ಹಾಕಿದಳು, ಮತ್ತೆ ಬಿದ್ದವು. ಅವಳಿಗೆ ಅದು ಆಟದ ಹಾಗೆ ಕಂಡಿರಬೇಕು, ನನ್ನ ಕಡೆ ತಿರುಗಿ ನಕ್ಕಳು. ನಗು ಎಡಗಡೆ ಮಾತ್ರ ಅರಳಿತು. ಬಲಗಡೆಯ ತುಟಿ ಇದ್ದಲ್ಲಿಯೇ ಇತ್ತು.

"ಅವ್ವಾ, ಈ ಕೈ ನನ್ನ ಮಾತ ಕೇಳವಲ್ದು," ಎಂದಳು. ಆ ಮಾತೂ ತೊದಲಿತು.

ಅವಳನ್ನು ಎತ್ತಿಕೊಂಡು ನಾನು ಹೇಗೆ ಓಡಿದೆ, ಯಾರು ಗಾಡಿ ತಂದರು, ಒಂದೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದೇ. ಗಾಡಿ ಹತ್ತುವ ಮೊದಲೇ ಇಬ್ಬರು ಮೂವರು ಅಡ್ಡ ನಿಂತು, ಇದಕ್ಕೆ ದವಾಖಾನೆ ಮದ್ದು ಮುಟ್ಟುವುದಿಲ್ಲ, ಲಕ್ವಾಕ್ಕೆ ಔಷಧ ಕೊಡುವವರ ಹತ್ತಿರ ಒಯ್ಯಿರಿ, ಪಾರಿವಾಳದ ರಕ್ತ ತಿಕ್ಕುತ್ತಾರೆ ಎಂದು ದಾರಿ ಹೇಳಿದರು. ನಮ್ಮವರು ಯಾವತ್ತೂ ಹಿರಿಯರಿಗೆ ಎದುರು ಮಾತಾಡದ ಮನುಷ್ಯ. ಅಂದು, "ಅಡ್ಡ ಬರಬ್ಯಾಡ್ರಿ, ಸರೀರಿ," ಎಂದಷ್ಟೇ ಹೇಳಿ ಗಾಡಿಯ ಬಾಗಿಲು ಹಾಕಿದರು. ಕಾಗವಾಡ ದಾಟಿ ಮಹಾರಾಷ್ಟ್ರದ ಮಿರಜ್ ಮುಟ್ಟುವ ತನಕ ಗಾಡಿ ಎಲ್ಲೂ ನಿಲ್ಲಲಿಲ್ಲ.

ಮಿರಜಿನ ಆಸ್ಪತ್ರೆಯಲ್ಲಿ ಕಾಯುವ ಜಾಗ ಎಂದರೆ ಉದ್ದನೆಯ ಓಣಿ. ಸಮ್ಮುವನ್ನು ಸ್ಕ್ಯಾನಿಗೆ ಒಳಗೆ ಕರೆದೊಯ್ದ ಮೇಲೆ ನಾವು ಅಲ್ಲಿ ಕೂತೆವು. ಅತ್ತೆಯ ಬಾಯಲ್ಲಿ ದೇವರ ಹೆಸರುಗಳು ಸಾಲಾಗಿ ಹೊರಟಿದ್ದವು. ಎದುರಿಗೆ ಮರಾಠಿ ಮಾತಾಡುವ ಹಿರಿಯ ಹೆಂಗಸೊಬ್ಬಳು, ಗಂಡನನ್ನು ಒಳಗೆ ಮಲಗಿಸಿ ಬಂದಿದ್ದಳು. ಯಾರಿಗೆ ಏನಾಗಿದೆ ಎಂದು ಅವಳು ಕೇಳಲಿಲ್ಲ. ಗಂಟಿನಿಂದ ಭಾಕರಿ, ನಮ್ಮ ಜೋಳದ ರೊಟ್ಟಿಯೇ, ಬಿಚ್ಚಿ, ಅರ್ಧ ಮುರಿದು, ಮೇಲೆ ಚಟ್ನಿ ಇಟ್ಟು ನನ್ನ ಕೈಯಲ್ಲಿ ತುರುಕಿದಳು. ಬೇಡ ಎಂದೆ. "ಖಾ. ಪೋರೀಲಾ ಆಯೀ ಪಾಯಿಜೆ," ಎಂದಳು. ತಿನ್ನು, ಮಗಳಿಗೆ ತಾಯಿ ಬೇಕು, ಎಂದು. ಅಷ್ಟು ಹೊತ್ತು ಕಲ್ಲಾಗಿದ್ದ ನಾನು ಆ ಭಾಕರಿ ತಿನ್ನುತ್ತ ಅತ್ತುಬಿಟ್ಟೆ. ಅವಳ ಹೆಸರನ್ನೂ ಕೇಳಲಿಲ್ಲ. ಆ ಚಟ್ನಿಯ ಖಾರ ಮಾತ್ರ ಇನ್ನೂ ನಾಲಿಗೆಯ ಮೇಲಿದೆ.

ಡಾಕ್ಟರು ವಿಜಯಪುರ ಕಡೆಯ ಹೆಣ್ಣುಮಗಳು, ನಮ್ಮ ಮಾತನ್ನೇ ಆಡುತ್ತಿದ್ದರು. ನಮ್ಮನ್ನು ಕೂರಿಸಿ, ಸ್ಕ್ಯಾನಿನ ಚಿತ್ರ ನೋಡುತ್ತಲೇ ಒಂದು ವಿಚಿತ್ರ ಪ್ರಶ್ನೆ ಕೇಳಿದರು.

"ಇಕಿ ಸಣ್ಣಾಕಿ ಇದ್ದಾಗ ಮಾರಿ ಮ್ಯಾಲ ಎಡಕ್ಕ ಕೆಂಪ್ ಕಲೆ ಇತ್ತೇನ್ರಿ?"

ಇತ್ತು, ಈಗ ಹೋಗಿದೆ ಎಂದು ಅತ್ತೆ ಮೆಲ್ಲಗೆ ಹೇಳಿದರು. ಫೋಟೋ ಇದ್ದರೆ ತೋರಿಸಿ ಎಂದರು ಡಾಕ್ಟರು. ನನ್ನ ಫೋನಿನಲ್ಲಿ ನೂರಾರು ಫೋಟೋಗಳಿದ್ದವು, ಎಲ್ಲವೂ ಬಲಗೆನ್ನೆಯವೇ. ಕೊನೆಗೆ ಎಣ್ಣೆಸ್ನಾನದ ದಿನ ನಾನು ಕದ್ದು ತೆಗೆದಿದ್ದ ಒಂದು ಸಿಕ್ಕಿತು. ಅದರಲ್ಲಿ ಸಮ್ಮು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು, ಎಡಗೆನ್ನೆ ದಾಸವಾಳದಷ್ಟು ಕೆಂಪಗಿತ್ತು.

ಡಾಕ್ಟರು ಹೇಳಿದ್ದರ ಸಾರ ಇಷ್ಟು. ಇದಕ್ಕೆ ಫೇಸ್ ಸಿಂಡ್ರೋಮ್ ಎನ್ನುತ್ತಾರೆ, ಬಹಳ ಅಪರೂಪ, ಹುಟ್ಟಿನಿಂದಲೇ ಬರುತ್ತದೆ. ಮುಖದ ಕಲೆ ಅದರ ಹೊರಗಿನ ಗುರುತು. ಒಳಗೆ, ಮೆದುಳಿಗೆ ರಕ್ತ ಒಯ್ಯುವ ಎಡಗಡೆಯ ನಾಳ ಸಣ್ಣದಾಗಿದೆ, ಒಂದು ಕಡೆ ಇನ್ನೂ ಸಣ್ಣದಾಗುತ್ತಿದೆ. ಕೈ ಕೆಲವು ವಾರಗಳಿಂದಲೇ ಸೋಲುತ್ತ ಬಂದಿರಬೇಕು. ಭೇದಿಯಾಗಿ ಮೈಯ ನೀರು ಬತ್ತಿದ್ದೇ ನೆಪವಾಗಿ ಅಂದು ದೊಡ್ಡದಾಗಿ ಹೊಡೆದಿದೆ. ತಪ್ಪು ನನ್ನದೇನು ಎಂದು ಕೇಳಿದೆ. ಗ್ರಹಣ, ಬೀಟ್‌ರೂಟ್, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ನಗಲಿಲ್ಲ. "ಯಾರ ತಪ್ಪೂ ಅಲ್ಲರಿ. ನೀವು ಏನ್ ಮಾಡಿದ್ರೂ ಬರ್ತಿತ್ತು, ಏನ್ ಬಿಟ್ಟಿದ್ರೂ ಬರ್ತಿತ್ತು," ಎಂದರು. ಐದು ವರ್ಷ ನನ್ನ ತಲೆಯ ಮೇಲೆ ಕೂತಿದ್ದ ಹೊರೆಯನ್ನು ಆ ತಾಯಿ ಒಂದೇ ಮಾತಿನಲ್ಲಿ ಇಳಿಸಿದರು. ಅಂಥ ಹೊತ್ತಿನಲ್ಲೂ ನನಗೆ ಹಗುರವಾಯಿತು ಎಂದು ಬರೆಯಲು ನಾಚಿಕೆಯಿಲ್ಲ.

ಮತ್ತೆ ಹೊಡೆಯುತ್ತದೆಯೇ ಎಂದು ನಮ್ಮವರು ಕೇಳಿದರು. ಹೊಡೆಯಬಹುದು, ಹೊಡೆಯದೆಯೂ ಇರಬಹುದು ಎಂದರು. ದಿನಾ ಒಂದು ಚಿಕ್ಕ ಗುಳಿಗೆ, ವರ್ಷಕ್ಕೊಮ್ಮೆ ಸ್ಕ್ಯಾನ್, ನಾಳ ಇನ್ನೂ ಸಣ್ಣದಾದರೆ ಆಪರೇಷನ್. ಮತ್ತು ನೀರು. ಏನೇ ಆಗಲಿ ಅವಳ ಮೈಯ ನೀರು ಬತ್ತಬಾರದು. ವಾಂತಿ, ಭೇದಿ, ಜ್ವರ ಬಂದರೆ ಒಂದು ಕ್ಷಣವೂ ಕಾಯದೆ ಹೊರಡಬೇಕು. ಇದೊಂದನ್ನು ಮೂರು ಸಲ ಹೇಳಿದರು.

ಕೆಲವು ದಿನ ಒಳಗಿಟ್ಟುಕೊಂಡು ಕಳಿಸಿದರು. ಮರಳುವ ದಾರಿಯಲ್ಲಿ ಅತ್ತೆ ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದರು. ಕಟ್ಟಿದ್ದು ಆ ಕೈಗಳೇ. ನನಗೆ ಅವರ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಊರು ಮುಟ್ಟುವ ತನಕ ಅವರ ಕಡೆ ತಿರುಗಲೇ ಇಲ್ಲ. ಮನೆಗೆ ಬಂದವಳೇ ಸೀರೆಯ ತುಂಡನ್ನು ಒಲೆಗೆ ಹಾಕಿದೆ. ಅವರು ನೋಡುತ್ತಿದ್ದರು.

ಆಮೇಲೆ ಶುರುವಾಯಿತು ಸಲಹೆಗಳ ಸುಗ್ಗಿ. ಶಾಲೆ ಬಿಡಿಸಿ. ಓಡಲು ಬಿಡಬೇಡಿ. ಬಿಸಿಲಿಗೆ ಕಳಿಸಬೇಡಿ. ತಲೆಗೆ ಸ್ಕಾರ್ಫ್ ಕಟ್ಟಿ, ಕಲೆ ಕಾಣುವುದಿಲ್ಲ. ಇನ್ನೊಂದು ಮಗು ಮಾಡಿಕೊಳ್ಳಿ ಎಂದೂ ಒಬ್ಬಾಕೆ ನನ್ನ ಅಡುಗೆಮನೆಯಲ್ಲೇ ನಿಂತು ಹೇಳಿದಳು, ಹಳೇ ಮಿಕ್ಸರ್ ಬದಲಿಸಿ ಎನ್ನುವ ಹಾಗೆ. ಚಹಾ ನಿಲ್ಲಿಸಿದ್ದು ಆ ದಿನದಿಂದ.

ಆದರೆ ನಿಜವಾದ ಜಗಳ ಇದ್ದದ್ದು ಮನೆಯೊಳಗೆ. ಅತ್ತೆಗೆ ಹೆದರಿಕೆ ಹೊಕ್ಕಿತ್ತು. ಕಟ್ಟುವುದು ಅವರಿಗೆ ಗೊತ್ತಿದ್ದ ಒಂದೇ ದಾರಿ, ಈಗ ಕೈಯ ಬದಲು ಇಡೀ ಹುಡುಗಿಯನ್ನೇ ಕಟ್ಟಿಹಾಕಲು ನೋಡಿದರು. ಅಂಗಳದ ಗೇಟಿಗೆ ಕೀಲಿ ಹಾಕಿ ಸೆರಗಿಗೆ ಗಂಟು ಹಾಕಿಕೊಂಡರು. ಸಮ್ಮು ಗೇಟಿನ ಸರಳು ಹಿಡಿದು, ಓಣಿಯಲ್ಲಿ ಓಡುವ ಮಕ್ಕಳ ಹೆಸರು ಕರೆಯುತ್ತ ನಿಲ್ಲುತ್ತಿದ್ದಳು. ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ಮೂರನೆಯ ದಿನ ಅತ್ತೆಯ ಮುಂದೆ ಕೈ ಚಾಚಿ ಕೀಲಿ ಕೇಳಿದೆ.

"ಹೊರಗ ಹೋಗಿ ಅಲ್ಲೇ ಬಿದ್ರ ಏನ ಮಾಡ್ತಿ?" ಎಂದರು.

"ಬೀಳೂದಿದ್ರ ಮನ್ಯಾಗೂ ಬೀಳ್ತಾಳ್ರಿ ಅತ್ತಿ. ಆದ್ರ ಮನ್ಯಾಗ ಆಕಿ ಆಡೂದಿಲ್ಲ," ಎಂದೆ.

ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ಬಹಳ ಹೊತ್ತು ಸೆರಗಿನ ಗಂಟು ಹಿಡಿದೇ ನಿಂತರು. ಆಮೇಲೆ ಬಿಚ್ಚಿದರು.

ಶಾಲೆಗೆ ನಾನೇ ಹೋದೆ. ಹೆಡ್ ಮಾಸ್ತರರು ಜವಾಬ್ದಾರಿಯ ಬಗ್ಗೆ ಮಾತಾಡಿದರು. ಜವಾಬ್ದಾರಿ ನನ್ನದು, ನಿಮ್ಮದು ಒಂದೇ ಕೆಲಸ ಎಂದೆ. ಅವಳು ನೀರು ಕುಡಿಯಲು ಎದ್ದರೆ ಕೂತ್ಕೋ ಎನ್ನಬಾರದು, ನಗು ಸೊಟ್ಟಾದರೆ ನನಗೆ ಫೋನ್ ಮಾಡಬೇಕು. ಮಾತು ಒರಟಾಗಿತ್ತು, ಗೊತ್ತು. ಆದರೆ ಕೆಲಸ ಆಯಿತು. ಈಗ ಅವಳ ಕ್ಲಾಸಿನ ಮಕ್ಕಳೆಲ್ಲ ಬಾಟಲಿ ಇಟ್ಟುಕೊಂಡು ಕೂರುತ್ತಾರೆ. ಸಮ್ಮು ಗುಟುಕರಿಸಿದಾಗಲೆಲ್ಲ ತಾವೂ ಗುಟುಕರಿಸುತ್ತಾರಂತೆ, ಗಣಿತದ ತಾಸಿನಲ್ಲಿ ಬಾತ್‌ರೂಮಿಗೆ ಸಾಲು ಹತ್ತುತ್ತದಂತೆ.

ಮನೆಯಲ್ಲಿ ನೀರಿನ ಕಾರುಬಾರು ಅತ್ತೆಯದು. ಕೀಲಿ ಹೋದ ಮೇಲೆ ಅವರಿಗೆ ಏನಾದರೂ ಹಿಡಿದುಕೊಳ್ಳಬೇಕಿತ್ತು, ಬಾಟಲಿ ಹಿಡಿದರು. ಎಳನೀರು, ಮಜ್ಜಿಗೆ, ಅಂಬಲಿ, ಏನಾದರೊಂದು ಹಿಡಿದು ಮೊಮ್ಮಗಳ ಬೆನ್ನು ಹತ್ತಿ ಓಣಿಯಲ್ಲಿ ತಿರುಗುತ್ತಾರೆ. ಮೊಣಕಾಲು ನೋವೆಂದು ಗುಡಿಗೆ ಹೋಗುವುದನ್ನು ಬಿಟ್ಟಿದ್ದವರು!

ಬಲಗೈಗೆ ಅಥಣಿಯ ಒಬ್ಬ ಫಿಜಿಯೋಥೆರಪಿ ಹುಡುಗಿ ವ್ಯಾಯಾಮ ಹೇಳಿಕೊಟ್ಟಳು. ಮೊದಲು ನಿಂಬೆಹಣ್ಣು ಹಿಡಿಯುವುದು, ಆಮೇಲೆ ಶೇಂಗಾ, ಕೊನೆಗೆ ಮಣೂಕ. ಎತ್ತಿದ್ದೆಲ್ಲ ಅವಳ ಹೊಟ್ಟೆಗೆ ಎಂದು ಕರಾರು. ನಿಂಬೆಹಣ್ಣಿನ ಹಂತದಲ್ಲಿ ಅವಳಿಗೆ ಯಾವ ಉತ್ಸಾಹವೂ ಇರಲಿಲ್ಲ, ಮಣೂಕ ಬಂದ ಮೇಲೆ ಬೆರಳುಗಳು ಚುರುಕಾದವು. ಈಗ ಆ ಕೈ ಗ್ಲಾಸ್ ಹಿಡಿಯುತ್ತದೆ, ಗುಂಡಿ ಹಾಕುತ್ತದೆ. ಬರೆಯುವುದು, ಉಣ್ಣುವುದು ಎಡಗೈಯಲ್ಲೇ. ಅದು ಹಾಗೆಯೇ ಇರುತ್ತದೆ. ಇರಲಿ.

ಹೆದರಿಕೆ ಹೋಗಿದೆ ಎಂದು ಸುಳ್ಳು ಹೇಳಲಾರೆ. ಅವಳ ಕೈಯಿಂದ ಚಮಚ ಬಿದ್ದರೆ ಓಡಿಹೋಗಿ ಅವಳನ್ನು ನಗಿಸಿ ನೋಡುತ್ತೇನೆ. ಒಮ್ಮೆ ಮಧ್ಯಾಹ್ನ ಮಲಗಿ ಎದ್ದವಳು ಕೈ ಏಳುತ್ತಿಲ್ಲ ಎಂದಳು. ನಾವು ಉಟ್ಟ ಬಟ್ಟೆಯಲ್ಲೇ ಗಾಡಿ ಹತ್ತಿದೆವು. ಊರ ಹೊರಗಿನ ತಿರುವು ದಾಟುವಷ್ಟರಲ್ಲಿ ಸಮ್ಮು ಆ ಕೈಯನ್ನು ಜೋರಾಗಿ ಝಾಡಿಸಿ, ಇರುವೆ ಹರಿದಾಡುತ್ತಿವೆ ಎಂದು ಕಿಲಕಿಲ ನಕ್ಕಳು. ಮೈಯ ಕೆಳಗೆ ಸಿಕ್ಕಿ ಜೋಮು ಹಿಡಿದಿತ್ತು, ಅಷ್ಟೇ. ಆದರೂ ಮಿರಜಿಗೆ ಹೋಗಿಯೇ ಬಂದೆವು. ಡಾಕ್ಟರು ಬಯ್ಯಲಿಲ್ಲ, ಹೀಗೆಯೇ ಬರಬೇಕು ಎಂದರು. ಸಾವಿರ ಸಲ ಸುಳ್ಳೇ ಓಡಿದರೂ ನನಗೆ ಬೇಸರವಿಲ್ಲ. ನಿಮಗೂ ಬೇಸರ ಬೇಡ, ಯಾರಾದರೂ ನಕ್ಕರೆ ನಗಲಿ.

ಹೋದ ಎಳ್ಳ ಅಮಾವಾಸ್ಯೆಯ ಮಾತು ಹೇಳಿ ಮುಗಿಸುತ್ತೇನೆ. ಆ ದಿನ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ನೈವೇದ್ಯದ ಅನ್ನ, ಕಡಬು, ಪಲ್ಯ ಕಲಸಿ ಬೆಳೆಯ ನಡುವೆ ಚೆಲ್ಲುತ್ತ ಹೋಗುವುದು ಪದ್ಧತಿ. ಅದಕ್ಕೆ ಚರಗ ಎನ್ನುತ್ತೇವೆ. ಹಿಂದಿನ ವರ್ಷ ಅತ್ತೆ ಹೆದರಿ ಸಮ್ಮುವನ್ನು ಮನೆಯಲ್ಲೇ ಬಿಟ್ಟಿದ್ದರು, ನಾನೂ ಹೋಗಿರಲಿಲ್ಲ. ಈ ಸಲ ಅವಳೇ ಮುಂದಾಗಿ, ಚರಗ ತಾನೇ ಚೆಲ್ಲುವುದು ಎಂದು ಸಾರಿಬಿಟ್ಟಿದ್ದಳು. ನಮ್ಮ ಬಿಳಿಜೋಳದ ಹೊಲದಲ್ಲಿ ಬಳಗವೆಲ್ಲ ಸೇರಿತ್ತು. ಪೂಜೆಯಾಯಿತು. ಚರಗದ ಬುಟ್ಟಿಯನ್ನು ಅವಳು ಬಲಗೈಯ ತೋಳಿಗೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಒಂದು ಹಿಡಿ ತುಂಬಿಕೊಂಡಳು.

ಹಾರೂಗೇರಿಯಿಂದ ಬಂದಿದ್ದ ಅವಳ ದೊಡ್ಡಪ್ಪ, ನಮ್ಮ ಭಾವ, ಕೆಟ್ಟವರಲ್ಲ. ಆದರೆ ಹಳೇ ರೂಢಿ, ಬಾಯಿ ಸುಮ್ಮನಿರಲಿಲ್ಲ.

"ಎಡಗೈಲೆ ಬ್ಯಾಡವಾ. ಭೂಮಿತಾಯಿ ಊಟ ಅದು. ನಿಮ್ಮ ಅಪ್ಪಗ ಕೊಡು, ಅಂವ ಬಲಗೈಲೆ ಚೆಲ್ತಾನ," ಎಂದರು.

ಸಮ್ಮುವಿನ ಕೈ ಅರ್ಧಕ್ಕೇ ನಿಂತಿತು. ಅವಳ ಕಣ್ಣು ನನ್ನನ್ನು ಹುಡುಕಿತು. ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು, ಭಾವ ಎಂದೂ ನೋಡದೆ ಆಡಿಬಿಡುವವಳಿದ್ದೆ. ಅಷ್ಟರಲ್ಲಿ ಅತ್ತೆ ನೀರಿನ ಬಾಟಲಿ ಕಂಕುಳಲ್ಲಿ ಒತ್ತಿಕೊಂಡು ಎದ್ದು ಬಂದರು. ಬುಟ್ಟಿಯಿಂದ ಒಂದು ಹಿಡಿ ತೆಗೆದು, ನನ್ನ ಗಂಡನ ಎಡಗೈ ಹಿಡಿದು ಬೆರಳು ಬಿಡಿಸಿ, ಅಂಗೈಯಲ್ಲಿಟ್ಟರು.

"ನೀನೂ ಈ ಕೈಲೇ ಚೆಲ್ಲಪಾ," ಎಂದರು. "ಸಣ್ಣಾಂವ ಇದ್ದಾಗ ಇದರಲೇ ಚೆಲ್ಲತಿದ್ದಿ. ನಾನೇ ಬಿಡಿಸಿದ್ದು."

ನಮ್ಮವರು ತಾಯಿಯ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ತೋಳು ಹಿಂದಕ್ಕೆಳೆದು ಬೀಸಿದರು. ಅನ್ನ ಜೋಳದ ತೆನೆಗಳ ಮೇಲಿಂದ ಹಾರಿ ಎಲ್ಲೋ ದೂರ ಬಿತ್ತು. ಭಾವ ಟೋಪಿ ಸರಿಮಾಡಿಕೊಂಡು ನೆಲ ನೋಡಿದರು.

"ನಂದು ಇನ್ನೂ ದೂರ ಹೋಗ್ತೈತಿ," ಎಂದು ಸಮ್ಮು ಅಪ್ಪನಿಗೆ ಸವಾಲು ಹಾಕಿ ಚೆಲ್ಲಿದಳು. ಹೋಗಲಿಲ್ಲ. ಮತ್ತೊಂದು ಹಿಡಿ ತುಂಬಿಕೊಂಡಳು. ಅಪ್ಪ ಮಗಳು ಇಬ್ಬರೂ ಎಡಗೈಯಿಂದಲೇ ಚೆಲ್ಲುತ್ತ ಹೊಲದ ಕೊನೆಯ ಬದುವಿನ ತನಕ ನಡೆದರು. ಅವರ ಹಿಂದೆ, ಮೊಣಕಾಲು ನೋವಿನ ನಮ್ಮ ಅತ್ತೆ ಬಾಟಲಿಯ ಮುಚ್ಚಳ ತೆಗೆದು ಹಿಡಿದುಕೊಂಡೇ ನಡೆದರು.